ಮೇಷ್ಟ್ರುಗಳು ಮೊದಲು ಮೂರು ವಾರ ವಿದ್ಯಾರ್ಥಿಗಳಾದರು

2020ರ ಜೂನ್. ಶಾಲೆಗಳ ಬಾಗಿಲು ಮುಚ್ಚಿ ಮೂರು ತಿಂಗಳು ಆಗಿತ್ತು. ನಾನು ಪ್ರೌಢಶಾಲೆಯಲ್ಲಿ ಹನ್ನೆರಡು ವರ್ಷ ವಿಜ್ಞಾನ ಪಾಠ ಮಾಡಿ, ಆಗಷ್ಟೇ ಶಿಕ್ಷಕರ ತರಬೇತಿಯ ಕೆಲಸಕ್ಕೆ ಬಂದಿದ್ದೆ. ತುಮಕೂರು ಜಿಲ್ಲೆಯ ಉತ್ತರದ ತಾಲ್ಲೂಕುಗಳು, ಅಂದರೆ ಮಧುಗಿರಿ, ಶಿರಾ, ಪಾವಗಡ ಕಡೆಯ ಶಿಕ್ಷಕರು ನನ್ನ ಪಾಲಿಗೆ ಬಂದರು. "ಆನ್‌ಲೈನ್ ಪಾಠ ಹೇಗೆ ಮಾಡೋದು ಅಂತ ಹೇಳಿಕೊಡಿ ಮೇಡಂ" ಎಂದು ಎಲ್ಲರದ್ದೂ ಒಂದೇ ಮಾತು.

ನಾನು ಮಾಡಿದ ಮೊದಲ ತರಬೇತಿ ಮೂರು ದಿನದ್ದು. ದಿನಕ್ಕೆ ನಾಲ್ಕು ಗಂಟೆ ಜೂಮ್. ಮೊದಲ ದಿನ ಪಿಪಿಟಿ, ಎರಡನೇ ದಿನ ಮೊಬೈಲಿನಲ್ಲಿ ವಿಡಿಯೊ ಮಾಡುವುದು, ಮೂರನೇ ದಿನ ಗೂಗಲ್ ಫಾರ್ಮ್‌ನಲ್ಲಿ ಪ್ರಶ್ನೆ ಹಾಕುವುದು. ಎಲ್ಲರೂ ಶ್ರದ್ಧೆಯಿಂದ ಕಲಿತರು. ಎರಡು ವಾರದಲ್ಲಿ ವಾಟ್ಸಾಪ್ ಗುಂಪಿನ ತುಂಬ ವಿಡಿಯೊಗಳೇ. ಕೆಲವು ನಲವತ್ತು ನಿಮಿಷದ್ದು. ಮನೆಯ ಗೋಡೆಗೆ ಬೋರ್ಡು ನೇತುಹಾಕಿ, ಕೈಯಲ್ಲಿ ಚಾಕ್‌ಪೀಸ್ ಹಿಡಿದು, ತರಗತಿಯಲ್ಲಿ ಮಾಡುವ ಪಾಠವನ್ನೇ ಮಾಡಿದ್ದರು.

ಜುಲೈನಲ್ಲಿ ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿದೆ. ಮಕ್ಕಳು ಆ ವಿಡಿಯೊ ನೋಡಿ ಏನು ಮಾಡಿದರು? ಗಣಿತದ ಮೇಷ್ಟ್ರೊಬ್ಬರು ಹೇಳಿದರು: "ನೀಲಿ ಟಿಕ್ ಬಂದಿದೆ ಮೇಡಂ. ನೋಡಿದಾರೋ ಇಲ್ವೋ ಗೊತ್ತಿಲ್ಲ."

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ತಪ್ಪು ಅವರದ್ದಲ್ಲ, ನನ್ನದು. ವಿಡಿಯೊ ಮಾಡುವುದನ್ನು ಹೇಳಿಕೊಟ್ಟೆ. ಮಗು ಎಲ್ಲಿ ಕೂತು, ಯಾರ ಫೋನಿನಲ್ಲಿ, ಏನು ಮಾಡುತ್ತಾ ಕಲಿಯುತ್ತದೆ ಎಂದು ಒಂದು ಮಾತೂ ಆಡಿರಲಿಲ್ಲ.

ಅದೇ ದಿನಗಳಲ್ಲಿ ನಾನೂ ಒಂದು ಆನ್‌ಲೈನ್ ಕೋರ್ಸಿಗೆ ಸೇರಿದ್ದೆ. ಮೊದಲ ವಾರ ಎರಡು ರಾತ್ರಿ ಕೂತು ಒಂದು ಬರಹ ಬರೆದು ಕಳಿಸಿದೆ. ಹನ್ನೊಂದು ದಿನ ಕಾದೆ. ಯಾರೂ ಏನೂ ಹೇಳಲಿಲ್ಲ. ಎರಡನೇ ಬರಹವನ್ನು ಅರ್ಧ ಗಂಟೆಯಲ್ಲಿ ಗೀಚಿ ಹಾಕಿದೆ. ಮೂರನೆಯದನ್ನು ಬರೆಯಲೇ ಇಲ್ಲ. ಶಿಕ್ಷಕರಿಗೆ ನಾನು ಹೇಳಿಕೊಡಬೇಕಾದದ್ದು ಏನು ಅಂತ ನನಗೆ ಹೊಳೆದಿದ್ದು ಆಗ. ಕೋರ್ಸ್ ಮಾಡುವವರು ಮೊದಲು ಕೋರ್ಸಿನಲ್ಲಿ ವಿದ್ಯಾರ್ಥಿಯಾಗಿ ಕೂತಿರಬೇಕು. ಕಳಿಸಿದ ಕೆಲಸಕ್ಕೆ ಮರುಮಾತು ಬಂದರೆ ಹೇಗಿರುತ್ತೆ, ಬರದಿದ್ದರೆ ಹೇಗಿರುತ್ತೆ ಎನ್ನುವುದು ಮೈಗೆ ತಾಗಿರಬೇಕು.

ಆಗಸ್ಟ್ ಮಧ್ಯದಲ್ಲಿ ಇಪ್ಪತ್ನಾಲ್ಕು ಶಿಕ್ಷಕರ ಜೊತೆ ಎಂಟು ವಾರದ ಕೋರ್ಸ್ ಶುರು ಮಾಡಿದೆ. ಮೂರು ವಾರ ಅವರು ವಿದ್ಯಾರ್ಥಿಗಳು. ಮುಂದಿನ ಮೂರು ವಾರ ತಮ್ಮದೇ ಒಂದು ಪುಟ್ಟ ಕೋರ್ಸ್ ಕಟ್ಟುವುದು. ಕೊನೆಯ ಎರಡು ವಾರ ತಮ್ಮ ಶಾಲೆಯ ಮಕ್ಕಳಿಗೆ ಅದನ್ನು ನಡೆಸುವುದು.

ಮೂಡಲ್ ಬಳಸಿದೆವು. ಆಸ್ಟ್ರೇಲಿಯಾದ ಮಾರ್ಟಿನ್ ಡೌಗಿಯಾಮಸ್ 2002ರಲ್ಲಿ ಹೊರತಂದ, ಆನ್‌ಲೈನ್ ಕೋರ್ಸ್ ನಡೆಸುವ ಮುಕ್ತ ತಂತ್ರಾಂಶ ಅದು. ದುಡ್ಡು ಕೊಡಬೇಕಿಲ್ಲ. ಅದಕ್ಕಿಂತ ನನಗೆ ಮುಖ್ಯವಾದದ್ದು ಅದರ ಮೊಬೈಲ್ ಆ್ಯಪ್. ಸಿಗ್ನಲ್ ಇರುವಲ್ಲಿ ಪಾಠ ಇಳಿಸಿಕೊಂಡು, ಇಲ್ಲದ ಕಡೆ ಕೂತು ಓದಬಹುದು. ಬೆಟ್ಟದ ಮಗ್ಗುಲಿನ ಊರುಗಳಿಗೆ ಇದಿಲ್ಲದೆ ಆಗುತ್ತಿರಲಿಲ್ಲ.

ಮೊದಲ ವಾರ ಪಾಠವೇ ಇಡಲಿಲ್ಲ. ಬ್ರಿಟನ್ನಿನ ಗಿಲಿ ಸಾಲ್ಮನ್ ಎಂಬ ಶಿಕ್ಷಣತಜ್ಞೆ ಆನ್‌ಲೈನ್ ಕಲಿಕೆಯನ್ನು ಐದು ಮೆಟ್ಟಿಲುಗಳಾಗಿ ವಿವರಿಸಿದ್ದಾರೆ. ಒಳಗೆ ಬರಲು ಸಾಧ್ಯವಾಗುವುದು ಮೊದಲನೆಯದು, ಒಬ್ಬರಿಗೊಬ್ಬರು ಪರಿಚಯ ಆಗುವುದು ಎರಡನೆಯದು. ವಿಷಯದ ಮಾತು ಬರುವುದು ಮೂರನೆಯದರಲ್ಲಿ. ಜೂನ್‌ನಲ್ಲಿ ನಾನು ನೇರ ಮೂರನೇ ಮೆಟ್ಟಿಲಿಗೆ ಹಾರಿದ್ದೆ. ಈ ಸಲ "ನಿಮ್ಮ ಮನೆಯಿಂದ ಶಾಲೆಗೆ ಹೋಗುವ ಹಾದಿಯ ಒಂದು ಫೋಟೊ ಹಾಕಿ, ಒಂದು ನಿಮಿಷ ಮಾತಾಡಿ" ಎಂದೆ. ಅಷ್ಟೇ. ಲಾಗಿನ್ ಆಗುವುದು, ಫೋಟೊ ಏರಿಸುವುದು, ದನಿ ರೆಕಾರ್ಡ್ ಮಾಡುವುದು, ಬೇರೆಯವರದ್ದಕ್ಕೆ ಉತ್ತರ ಬರೆಯುವುದು, ಎಲ್ಲವೂ ಅದರಲ್ಲೇ ಅಭ್ಯಾಸ ಆಯಿತು. ಪಾವಗಡ ತಾಲ್ಲೂಕಿನ ವಿಜ್ಞಾನದ ಟೀಚರ್ ಒಬ್ಬರು ತಿರುಮಣಿ ಸೋಲಾರ್ ಪಾರ್ಕಿನ ಫಲಕಗಳ ಫೋಟೊ ಹಾಕಿದರು. ಒಮ್ಮೆ ಕಡಲೆಕಾಯಿ ಬೆಳೆಯುತ್ತಿದ್ದ ಹೊಲದ ನೆನಪು ಹೇಳಿದರು. ಅವತ್ತು ಆ ಫೋಟೊಕ್ಕೆ ಬಂದಷ್ಟು ಉತ್ತರ ಬೇರೆ ಯಾವುದಕ್ಕೂ ಬರಲಿಲ್ಲ.

ಎರಡನೇ ವಾರ ನಾನು ಒಂದು ಕೆಲಸ ಮಾಡಿದೆ. ಮೊದಲ ಬರಹಕ್ಕೆ ಇಪ್ಪತ್ನಾಲ್ಕು ಜನಕ್ಕೂ ಒಂದೇ ದಿನದಲ್ಲಿ ಉತ್ತರ ಕೊಟ್ಟಿದ್ದೆ. ಎರಡನೆಯದಕ್ಕೆ ಬೇಕೆಂದೇ ಐದು ದಿನ ಸುಮ್ಮನಿದ್ದೆ. ಮೂರನೆಯದನ್ನು ಎಂಟು ಜನ ಕಳಿಸಲೇ ಇಲ್ಲ. ಆಮೇಲೆ ಎಲ್ಲರನ್ನೂ ಕೂರಿಸಿಕೊಂಡು ಏಕೆ ಹಾಗೆ ಮಾಡಿದೆ ಅಂತ ಹೇಳಿ ಕ್ಷಮೆ ಕೇಳಿದೆ. ಶಿರಾ ಕಡೆಯ ಕನ್ನಡ ಮೇಡಂ ಹೇಳಿದರು: "ಬಾವಿಗೆ ಕಲ್ಲು ಹಾಕಿ, ಸದ್ದೇ ಕೇಳದ ಹಾಗಾಯ್ತು ಮೇಡಂ. ಬಾವೀಲಿ ನೀರಿದೆಯೋ ಇಲ್ವೋ ಅನ್ನಿಸ್ತು." ಅರ್ಧ ಗಂಟೆ ಯಾರೂ ಬೇರೆ ಮಾತೇ ಆಡಲಿಲ್ಲ. ತಮ್ಮ ನಲವತ್ತು ನಿಮಿಷದ ವಿಡಿಯೊ ನೋಡಿ ಸುಮ್ಮನಾದ ಮಕ್ಕಳ ಬಗ್ಗೆಯೇ ಎಲ್ಲರೂ ಮಾತಾಡಿದರು. ಮುಂದಿನ ತಂಡಗಳಲ್ಲಿ ನಾನು ಹೀಗೆ ಮಾಡಲಿಲ್ಲ. ಹೇಳದೆ ಮಾಡಿದ್ದು ಇಬ್ಬರಿಗೆ ನಿಜವಾಗಿ ನೋವಾಗಿತ್ತು. ಈಗ ಅವರವರ ಹಳೆಯ ಅನುಭವವನ್ನೇ ಬರೆಯಿಸುತ್ತೇನೆ. ಮರುಮಾತು ಬಾರದೆ ಕೈಬಿಟ್ಟ ಕೋರ್ಸ್ ಇಲ್ಲದ ಶಿಕ್ಷಕರು ನನಗೆ ಇನ್ನೂ ಸಿಕ್ಕಿಲ್ಲ.

ನಾಲ್ಕನೇ ವಾರದಿಂದ ಕಟ್ಟುವ ಕೆಲಸ. ಎಲ್ಲರೂ ವಿಡಿಯೊದಿಂದ ಶುರು ಮಾಡಲು ಹೊರಟರು. ವಿಡಿಯೊ ಕೊನೆಗೆ ಎಂದು ತಡೆದೆ. ಒಂದು ಹಾಳೆಯಲ್ಲಿ ಮೂರು ಪ್ರಶ್ನೆಗೆ ಉತ್ತರ ಬರೆಯಬೇಕು. ಈ ವಾರ ಮಗು ಏನು ಮಾಡುತ್ತೆ? ಮಾಡಿದ್ದು ನನ್ನ ಕೈಗೆ ಹೇಗೆ ತಲುಪುತ್ತೆ? ನಾನು ಏನು ಹೇಳ್ತೀನಿ, ಅದಕ್ಕೆ ನನಗೆ ಎಷ್ಟು ಹೊತ್ತು ಬೇಕು?

ಮೂರನೇ ಪ್ರಶ್ನೆಯಲ್ಲಿ ಎಲ್ಲರೂ ನಿಂತರು. ಒಬ್ಬರ ತರಗತಿಯಲ್ಲಿ 46 ಮಕ್ಕಳು. ಒಂದು ನೋಟ್‌ಬುಕ್ ಫೋಟೊ ನೋಡಿ ಎರಡು ಸಾಲು ಹೇಳಲು ಮೂರು ನಿಮಿಷ ಹಿಡಿದರೆ 138 ನಿಮಿಷ, ಅಂದರೆ ಎರಡೂಕಾಲು ಗಂಟೆಗೂ ತುಸು ಹೆಚ್ಚು. ಅವರ ಮೊದಲ ಯೋಜನೆಯಲ್ಲಿ ವಾರಕ್ಕೆ ಐದು ಕೆಲಸ ಇದ್ದವು. ಹನ್ನೊಂದೂವರೆ ಗಂಟೆ ಎಲ್ಲಿಂದ ತರುತ್ತಾರೆ? ಲೆಕ್ಕ ಹಾಕಿ ಅವರೇ ಎರಡಕ್ಕೆ ಇಳಿಸಿದರು. ಒಂದು ಮೂಡಲ್ ತಾನೇ ತಿದ್ದುವ ಕ್ವಿಜ್, ಇನ್ನೊಂದು ಮೇಷ್ಟ್ರೇ ನೋಡುವ ಬರಹ. ಕೋರ್ಸ್ ಎಷ್ಟು ದೊಡ್ಡದಿರಬೇಕು ಎನ್ನುವುದನ್ನು ನಾವು ಉತ್ತರ ಹೇಳಬಲ್ಲ ಶಕ್ತಿಯೇ ತೀರ್ಮಾನಿಸಬೇಕು, ಅಲ್ವಾ?

ಸೋಲಾರ್ ಫಲಕದ ಫೋಟೊ ಹಾಕಿದ್ದ ಟೀಚರ್ ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠ ತೆಗೆದುಕೊಂಡರು. ಅವರ ಮೊದಲ ಕರಡಿನಲ್ಲಿ ಓಮ್‌ನ ನಿಯಮದ ಮೇಲೆ 25 ನಿಮಿಷದ ವಿಡಿಯೊ, ಆಮೇಲೆ ಹತ್ತು ಪ್ರಶ್ನೆ. ನಾವಿಬ್ಬರೂ ಮೂರು ಸಂಜೆ ಫೋನಿನಲ್ಲಿ ಅದನ್ನು ಬಿಚ್ಚಿ ಮತ್ತೆ ಕಟ್ಟಿದೆವು. ಹೊಸದರಲ್ಲಿ ಮಕ್ಕಳಿಗೆ ಮೊದಲ ಕೆಲಸ ಊಹೆ. ಎರಡು ಬಲ್ಬನ್ನು ಸರಣಿಯಲ್ಲಿ ಜೋಡಿಸಿದರೆ ಎರಡೂ ಒಂದೇ ಸಮ ಉರಿಯುತ್ತವಾ? ಯಾಕೆ? ನೋಟ್‌ಬುಕ್ಕಿನಲ್ಲಿ ಬರೆದು ಫೋಟೊ ಕಳಿಸಬೇಕು. ಆಮೇಲೆ ಫೆಟ್‌ ತಾಣದ ವಿದ್ಯುತ್ ಮಂಡಲ ಜೋಡಿಸುವ ಆಟ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದವರು ಪುಕ್ಕಟೆ ಕೊಡುವ ಈ ಪ್ರಯೋಗಗಳು ಫೋನಿನಲ್ಲೇ ಓಡುತ್ತವೆ. ಅದರಲ್ಲಿ ಬಲ್ಬಿನ ಎರಡೂ ಬದಿಗೆ ಕರೆಂಟ್ ಅಳೆಯುವ ಅಮ್ಮೀಟರ್ ಇಟ್ಟು ನೋಡಬಹುದು. ನೋಡಿದ್ದನ್ನು ಊಹೆಯ ಪಕ್ಕದಲ್ಲೇ ಬರೆಯಬೇಕು.

ಒಬ್ಬ ಹುಡುಗ ಊಹೆಯಲ್ಲಿ ಬರೆದಿದ್ದ: "ಮೊದಲನೇ ಬಲ್ಬು ಕರೆಂಟ್ ಕುಡಿದುಬಿಡುತ್ತೆ, ಎರಡನೆಯದಕ್ಕೆ ಕಮ್ಮಿ ಸಿಗುತ್ತೆ." ಇದು ಪ್ರಪಂಚದ ಎಲ್ಲ ಕಡೆ ಮಕ್ಕಳು ನಂಬುವ ವಿಷಯ. ಹನ್ನೆರಡು ವರ್ಷ ತರಗತಿಯಲ್ಲಿ ನಾನು ಈ ಪಾಠ ಮಾಡಿದ್ದೇನೆ. ಬಾಯಿಬಿಟ್ಟು ಹೀಗೆ ಹೇಳಿದ ಮಕ್ಕಳು ಎಲ್ಲೋ ಒಬ್ಬಿಬ್ಬರು. ಇಲ್ಲಿ ಹೆಚ್ಚುಕಡಿಮೆ ಅರ್ಧ ತರಗತಿ ಅದನ್ನೇ ಬರೆದಿತ್ತು. ಎರಡೂ ಬದಿಯ ಅಮ್ಮೀಟರ್ ಒಂದೇ ಅಂಕಿ ತೋರಿಸಿದಾಗ ಮಕ್ಕಳು ಗೊಂದಲದಿಂದ ಮತ್ತೆ ಮತ್ತೆ ಜೋಡಿಸಿ ನೋಡಿದ್ದರು. ಆಮೇಲೆಯೇ ಟೀಚರ್ ನಾಲ್ಕು ನಿಮಿಷದ ಆಡಿಯೊ ಕಳಿಸಿದ್ದು. ಅದರಲ್ಲಿ ಮಕ್ಕಳ ಊಹೆಗಳನ್ನೇ ಎತ್ತಿಕೊಂಡು, ಕರೆಂಟ್ ಖರ್ಚಾಗುವುದಿಲ್ಲ, ಶಕ್ತಿ ಬದಲಾಗುತ್ತದೆ ಎಂದು ಬಿಡಿಸಿ ಹೇಳಿದರು. ಆ ಆಡಿಯೊ ಎರಡು ಎಂಬಿ ಇತ್ತು. ವಿಡಿಯೊ ಎಲ್ಲಿ ಹೋಯಿತು ಅಂತ ಯಾರೂ ಕೇಳಲಿಲ್ಲ.

ವಿಡಿಯೊ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಲ್ಯಾಬಿನ ಪ್ರಯೋಗ, ಜ್ಯಾಮಿತಿಯ ರಚನೆ ಕಣ್ಣಿಗೆ ಕಾಣಬೇಕು. ಆದರೆ ಚಿಕ್ಕದಿರಲಿ. ಎಡ್‌ಎಕ್ಸ್ ಎಂಬ ತಾಣದ ಆನ್‌ಲೈನ್ ಕೋರ್ಸುಗಳನ್ನು ನೋಡಿದವರ ಬಗ್ಗೆ ಫಿಲಿಪ್ ಗುವೊ ಮತ್ತು ಜೊತೆಗಾರರು 2014ರಲ್ಲಿ ಮಾಡಿದ ಅಧ್ಯಯನದಲ್ಲಿ, ಆರು ನಿಮಿಷ ದಾಟಿದ ವಿಡಿಯೊಗಳಲ್ಲಿ ಜನರ ಗಮನ ಇಳಿಯುತ್ತಾ ಹೋಗುವುದು ಕಂಡಿತ್ತು. ಅವರು ತಾವಾಗಿಯೇ ಸೇರಿದವರು. ಅಪ್ಪನ ಫೋನ್ ಹಿಡಿದ ಹದಿನಾಲ್ಕರ ಮಗುವಿಗೆ ನಾನು ನಾಲ್ಕು ನಿಮಿಷ ಎನ್ನುತ್ತೇನೆ.

ಅಪ್ಪನ ಫೋನ್ ಅಂದೆ. ಅದು ಸಂಜೆ ಏಳಕ್ಕೆ ಮನೆಗೆ ಬರುತ್ತದೆ. ಬೆಳಿಗ್ಗೆ ಹತ್ತಕ್ಕೆ ಲೈವ್ ಪಾಠ ಇಟ್ಟರೆ ಯಾರಿಗೆ? ಹಾಗಾಗಿ ಗಡುವುಗಳೆಲ್ಲ ವಾರದ ಲೆಕ್ಕದಲ್ಲಿ. ಲೈವ್ ಅಂತ ಇದ್ದರೆ ರಾತ್ರಿ ಎಂಟಕ್ಕೆ, ಇಪ್ಪತ್ತು ನಿಮಿಷ, ಅನುಮಾನ ಕೇಳಲು ಮಾತ್ರ.

ಸಣ್ಣ ತೊಡಕುಗಳೂ ಇದ್ದವು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ನೋಟ್ಸನ್ನು ಮೂಡಲ್‌ಗೆ ಹಾಕಿದರೆ ಕನ್ನಡವೆಲ್ಲ ಹೋಗಿ ಅರ್ಥವಿಲ್ಲದ ಗುರುತುಗಳು ಕಾಣುತ್ತಿದ್ದವು. ವರ್ಷಗಟ್ಟಲೆ ಕೂಡಿಟ್ಟದ್ದು ಹಾಳಾಯಿತು ಎಂದು ಒಬ್ಬರು ಕಣ್ಣೀರು ಹಾಕಿದರು. ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶ ತೋರಿಸಿದ ದಿನ ಅವರಿಗೆ ಹಬ್ಬ. ಹೊಸದಾಗಿ ಬರೆಯುವವರಿಗೆ ಫೋನಿನಲ್ಲಿ ಮಾತಾಡಿ ಟೈಪ್ ಮಾಡಿಸುವುದನ್ನು ಹೇಳಿಕೊಟ್ಟೆವು. ತಪ್ಪುಗಳನ್ನು ಕನ್ನಡ ಮೇಡಂ ತಿದ್ದಿದರು. ಆಡಿಯೊ ಮಾಡುವಾಗ ಫ್ಯಾನ್ ಆರಿಸಿ, ಫೋನ್ ಬಾಯಿಂದ ಒಂದು ಗೇಣು ದೂರ ಇಡಿ, ಬಟ್ಟೆಬರೆ ತುಂಬಿದ ಕೋಣೆಯಲ್ಲಿ ಕೂರಿ. ಇಷ್ಟು ಸಾಕು, ಮೈಕ್ ಕೊಳ್ಳಬೇಕಿಲ್ಲ. ಗೂಗಲ್‌ನಲ್ಲಿ ಸಿಕ್ಕ ಚಿತ್ರ ಹಾಗೇ ಎತ್ತಿ ಹಾಕುವುದು ಬೇಡ ಎಂದು ಮಾಡಿದವರೇ ಬೇರೆಯವರ ಬಳಕೆಗೆ ಒಪ್ಪಿಗೆ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಬಗ್ಗೆ ಒಂದು ಸಂಜೆ ಹೇಳಿದೆ. ಕರ್ನಾಟಕದ ಶಿಕ್ಷಕರೇ ಬರೆದು ಬೆಳೆಸಿದ ಕೋಯರ್ (ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು) ತಾಣದಿಂದ ಗಣಿತ, ವಿಜ್ಞಾನದವರು ಸಾಕಷ್ಟು ತೆಗೆದುಕೊಂಡರು.

ಕೊನೆಯ ಎರಡು ವಾರ ಮಕ್ಕಳ ಜೊತೆ. ಇಪ್ಪತ್ನಾಲ್ಕರಲ್ಲಿ ಹದಿನೇಳು ಜನ ಇಲ್ಲಿಗೆ ತಲುಪಿದರು. ಉಳಿದವರಲ್ಲಿ ಕೆಲವರಿಗೆ ಕೋವಿಡ್ ಡ್ಯೂಟಿ ಬಂತು, ಇಬ್ಬರ ಮನೆಯಲ್ಲಿ ಕಾಯಿಲೆ. ಪ್ರತಿ ಶಿಕ್ಷಕರಿಗೂ ಒಬ್ಬ ಜೋಡಿ. ಜೋಡಿಯವರು ವಿದ್ಯಾರ್ಥಿಯಾಗಿ ಕೋರ್ಸಿಗೆ ಸೇರಿ ಎಲ್ಲ ಕೆಲಸ ಮಾಡಬೇಕು, ಬೇರೆ ವಿಷಯದವರೇ ಆಗಿರಬೇಕು. ವಿಜ್ಞಾನದ ಕೋರ್ಸಿಗೆ ಕನ್ನಡ ಮೇಡಂ ಸೇರಿ "ಅಮ್ಮೀಟರನ್ನು ಎಲ್ಲಿಂದ ಎಳೆದು ತರಬೇಕು ಅಂತ ನೀವು ಹೇಳೇ ಇಲ್ವಲ್ಲ" ಎಂದು ಕೇಳಿದರು. ಮಕ್ಕಳು ಕೇಳದೆ ಬಿಟ್ಟುಬಿಡುತ್ತಿದ್ದ ಪ್ರಶ್ನೆ ಅದು. ಹೀಗೆ ಸರಿಪಡಿಸಿದ ಸೂಚನೆಗಳು ಒಂದೆರಡಲ್ಲ.

ಫೋನೇ ಇಲ್ಲದ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದರು. ಆಗ ವಿದ್ಯಾಗಮ ನಡೆಯುತ್ತಿತ್ತು. ಶಿಕ್ಷಕರು ಊರಿಗೇ ಹೋಗಿ, ಗುಡಿಯ ಜಗಲಿಯಲ್ಲೋ ಮರದ ನೆರಳಲ್ಲೋ ಸಣ್ಣ ಗುಂಪಿಗೆ ಕಲಿಸುತ್ತಿದ್ದರು. ಅದೇ ಕೆಲಸವನ್ನು ಕಾಗದದಲ್ಲಿ ಬರೆದು ಅಲ್ಲಿ ಕೊಡುವುದು, ಮುಂದಿನ ಭೇಟಿಯಲ್ಲಿ ಉತ್ತರದ ಜೊತೆ ವಾಪಸ್ ಕೊಡುವುದು ಎಂದು ಮಾಡಿಕೊಂಡೆವು. ಅಕ್ಟೋಬರಿನಲ್ಲಿ ವಿದ್ಯಾಗಮ ನಿಂತಿತು. ಕೆಲವು ಮಕ್ಕಳ ಕೈ ಆಗ ತಪ್ಪಿಹೋಯಿತು. ಅದರ ಕೊರಗು ಇನ್ನೂ ಇದೆ. ಅಲ್ಲಿಂದೀಚೆಗೆ ನನ್ನ ಯೋಜನೆಯ ಹಾಳೆಗೆ ನಾಲ್ಕನೇ ಪ್ರಶ್ನೆ ಸೇರಿದೆ. ಫೋನಿಲ್ಲದ ಮಗು ಈ ವಾರ ಏನು ಮಾಡುತ್ತೆ? ಅದಕ್ಕೆ ಉತ್ತರ ಬರೆಯದ ಕೋರ್ಸನ್ನು ನಾನು ಮುಂದಕ್ಕೆ ಬಿಡುವುದಿಲ್ಲ.

2021ರ ಜನವರಿ 1ಕ್ಕೆ ಹತ್ತನೇ ತರಗತಿ ಮತ್ತೆ ಶುರುವಾಯಿತು. ಆನ್‌ಲೈನ್ ಮುಗಿಯಿತು ಎಂದು ಹಲವರು ಕೈಬಿಟ್ಟರು, ಅದು ಸಹಜ. ಆದರೆ ಏಳೆಂಟು ಜನ ಬಿಡಲಿಲ್ಲ. ರಜೆಯಲ್ಲಿ, ಕೆಲಸಕ್ಕೆ ಗುಳೆ ಹೋದ ಮನೆಯ ಮಕ್ಕಳಿಗೆ, ವಾರಕ್ಕೊಂದು ಕೆಲಸದ ಲೆಕ್ಕದಲ್ಲಿ ನಡೆಸುತ್ತಿದ್ದಾರೆ. ನನ್ನ ತರಬೇತಿಯೂ ಈಗ ಹತ್ತು ವಾರಕ್ಕೆ ಬೆಳೆದಿದೆ. ಮೊದಲ ದಿನ ಎಲ್ಲರೂ ಎದುರುಬದುರು ಕೂತು ಲಾಗಿನ್ ಮಾಡುತ್ತೇವೆ.

ನೀಲಿ ಟಿಕ್‌ನ ಮೇಷ್ಟ್ರು ಆ ಏಳೆಂಟು ಜನರಲ್ಲಿ ಒಬ್ಬರು. ಹೋದ ಭಾನುವಾರ ಅವರ ಸಂದೇಶ ಬಂತು: "ಮೇಡಂ, ಈ ವಾರ 31 ನೋಟ್‌ಬುಕ್ ಬಂದಿವೆ. ಆರು ಜನ ಋಣ ಚಿಹ್ನೆಯಲ್ಲೇ ಎಡವಿದಾರೆ. ಗುಂಪಿಗೆ ಒಂದು ಆಡಿಯೊ ಹಾಕಿಬಿಡಲಾ?"

"ಗುಂಪಿಗೆ ಬೇಡ ಸರ್, ಆ ಆರು ಮಕ್ಕಳಿಗೆ ಮಾತ್ರ ಕಳಿಸಿ" ಎಂದು ಬರೆದೆ. ಹತ್ತು ನಿಮಿಷದ ಮೇಲೆ ಉತ್ತರ ಬಂತು: "ಸರಿ ಮೇಡಂ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಮಾತಾಡ್ತೀನಿ. ಹದಿನೆಂಟು ನಿಮಿಷ ಆಗುತ್ತೆ, ಊಟಕ್ಕೆ ಮುಂಚೆ ಮುಗಿಯುತ್ತೆ."