ಡಿಜಿಟಲ್ ಮಿಕ್ಸರ್‌ನಲ್ಲಿ ಚಾನೆಲ್ ರೂಟಿಂಗ್ ಹೊಂದಿಸುವ ಬಗೆ

ಡಿಜಿಟಲ್ ಮಿಕ್ಸರ್‌ನ 1ನೇ ಸಾಕೆಟ್ಟಿಗೆ ಹಾಕಿದ ಮೈಕ್ 1ನೇ ಫೇಡರ್‌ಗೇ (ದನಿಯ ಮಟ್ಟ ಏರಿಸಿ ಇಳಿಸುವ ಜಾರುಗುಂಡಿಗೆ) ಬರಬೇಕೆಂಬ ನಿಯಮವಿಲ್ಲ. ಯಾವ ಸಾಕೆಟ್ಟಿನ ದನಿ ಯಾವ ಚಾನೆಲ್‌ಗೆ ಹೋಗಬೇಕೆಂಬುದನ್ನು ಇನ್‌ಪುಟ್ ಪ್ಯಾಚ್ ಎಂಬ ಸೆಟ್ಟಿಂಗ್ ನಿರ್ಧರಿಸುತ್ತದೆ. ಮೊದಲು ಅದನ್ನೇ ತೆರೆದು ನೋಡಬೇಕು.

ಚಾಮರಾಜಪೇಟೆಯ ರಾಮನವಮಿ ಕಛೇರಿಯಂಥ ಕಾರ್ಯಕ್ರಮವನ್ನೇ ತೆಗೆದುಕೊಳ್ಳಿ. ಗಾಯಕರ ಮೈಕನ್ನು ಎರಡು ಚಾನೆಲ್‌ಗಳಿಗೆ ಪ್ಯಾಚ್ ಮಾಡಿ, ಒಂದನ್ನು ಸಭಿಕರ ಸ್ಪೀಕರ್‌ಗಳಿಗೆ ಬಿಟ್ಟು, ಇನ್ನೊಂದನ್ನು ಮುಖ್ಯ ಬಸ್‌ನಿಂದ (ಚಾನೆಲ್‌ಗಳ ದನಿ ಕೂಡಿ ಸಭಿಕರ ಸ್ಪೀಕರ್‌ಗಳಿಗೆ ಹೋಗುವ ದಾರಿಯಿಂದ) ತೆಗೆದು ವೇದಿಕೆಯ ಮಾನಿಟರ್‌ಗೆ (ಕಲಾವಿದರು ಕೇಳಿಕೊಳ್ಳುವ ಸ್ಪೀಕರ್‌ಗೆ) ಮಾತ್ರ ಕಳುಹಿಸಿದರೆ, ಎರಡಕ್ಕೂ ಈಕ್ಯೂ (ಮಂದ್ರ-ತಾರ ದನಿಗಳ ಪ್ರಮಾಣ ಸರಿಪಡಿಸುವ ಸಾಧನ) ಮತ್ತು ಕಂಪ್ರೆಸರ್ (ದನಿಯ ಅತಿ ಏರಿಳಿತ ತಗ್ಗಿಸುವ ಸಾಧನ) ಇವನ್ನು ಬೇರೆ ಬೇರೆಯಾಗಿ ಹೊಂದಿಸಬಹುದು. ಆದರೆ ಪ್ರಿಆಂಪ್‌ನ ಗೇನ್ (ಮೈಕ್‌ನ ಸಣ್ಣ ಸಂಕೇತವನ್ನು ಹಿಗ್ಗಿಸುವ ಮಟ್ಟ) ಮತ್ತು 48 ವೋಲ್ಟ್ ಫ್ಯಾಂಟಮ್ ಪವರ್ (ಕೆಲವು ಮೈಕ್‌ಗಳಿಗೆ ಕೇಬಲ್ ಮೂಲಕವೇ ಕೊಡುವ ವಿದ್ಯುತ್) ಸಾಕೆಟ್ಟಿಗೆ ಸೇರಿದವು. ಒಂದು ಚಾನೆಲ್‌ನಲ್ಲಿ ಗೇನ್ ಏರಿಸಿದರೆ ಇನ್ನೊಂದರಲ್ಲೂ ಏರುತ್ತದೆ. ಮಾನಿಟರ್ ಕಿರುಚಲು ಅಷ್ಟೇ ಸಾಕು.

ಮಾನಿಟರ್‌ಗೆ ಹೋಗುವ ಸೆಂಡ್ (ಚಾನೆಲ್‌ನಿಂದ ಕವಲೊಡೆಯುವ ದನಿ) ಪ್ರಿ-ಫೇಡರ್ ಆಗಿರಲಿ, ಅಂದರೆ ಫೇಡರ್‌ಗಿಂತ ಮೊದಲೇ ಕವಲೊಡೆಯಲಿ. ಆಗ ಸಭಿಕರಿಗಾಗಿ ಮೃದಂಗದ ಫೇಡರ್ ಇಳಿಸಿದರೂ ವಿದ್ವಾಂಸರ ಕಿವಿಗೆ ಬೀಳುವ ಮಟ್ಟ ಬದಲಾಗದು. ರಿವರ್ಬ್‌ಗೆ (ಅನುರಣನದ ಪರಿಣಾಮಕ್ಕೆ) ಪೋಸ್ಟ್-ಫೇಡರೇ, ಅಂದರೆ ಫೇಡರ್‌ನ ನಂತರ ಕವಲೊಡೆಯುವುದೇ, ಸರಿ. ಮ್ಯೂಟ್ ಗುಂಡಿಯ ವರ್ತನೆ ಮಾತ್ರ ಎಲ್ಲ ಕಡೆ ಒಂದೇ ಅಲ್ಲ: ಕೆಲವು ಮಿಕ್ಸರ್‌ಗಳಲ್ಲಿ ಅದು ಪ್ರಿ-ಫೇಡರ್ ಸೆಂಡನ್ನೂ ಕಡಿಯುತ್ತದೆ, ಕೆಲವದರಲ್ಲಿ ಆಯ್ಕೆ ನಮಗೇ ಬಿಟ್ಟಿದ್ದು. ಕಲಾವಿದರು ವೇದಿಕೆ ಏರುವ ಮುನ್ನವೇ ಇದನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಮೀಟರ್ ಕುಣಿಯುತ್ತಿದ್ದರೂ ಸ್ಪೀಕರ್ ಸುಮ್ಮನಿದ್ದರೆ, ಕೇಬಲ್ ಕೀಳುವ ಮೊದಲು ಚಾನೆಲ್ ಮುಖ್ಯ ಎಲ್‌ಆರ್ (ಎಡ-ಬಲ) ಬಸ್‌ಗೆ ಸೇರಿದೆಯೇ ನೋಡಿ. ಅದೇ ಚಾನೆಲನ್ನು ಗುಂಪಿನ (ಹಲವು ಚಾನೆಲ್‌ಗಳನ್ನು ಒಟ್ಟುಗೂಡಿಸುವ ಬಸ್‌ನ) ಮೂಲಕವೂ ನೇರವಾಗಿಯೂ ಮುಖ್ಯ ಬಸ್‌ಗೆ ಕಳುಹಿಸಿದರೆ ದನಿ ಎರಡು ಸಲ ಕೂಡಿ ಜೋರಾಗುತ್ತದೆ. ಗುಂಪಿನ ಫೇಡರ್ ಪೂರ್ತಿ ಇಳಿಸಿದರೂ ನಿಲ್ಲುವುದಿಲ್ಲ.