ಯಕ್ಷಗಾನದ ರಾ ಫೋಟೋಗೆ ನಾನು ಡಾರ್ಕ್‌ಟೇಬಲ್ ಆರಿಸ್ಕೊಂಡಿದ್ದು ಹೇಗೆ

ನಾನು ಹೆಚ್ಚಾಗಿ ತೆಗೆಯೋದು ರಾತ್ರಿ ಬಯಲಾಟದ ಫೋಟೋ, ಅದನ್ನ ತಿದ್ದೋಕೆ ಈಗ ಡಾರ್ಕ್‌ಟೇಬಲ್ ಅನ್ನೋ ಸಾಫ್ಟ್‌ವೇರ್ ಬಳಸ್ತೇನೆ. ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋದು) 6400ರಿಂದ ಕೆಳಗೆ ಇಳಿಯೋಕೇ ಆಗಲ್ಲ, ಹಂಗಾಗಿ ಫೋಟೋದಲ್ಲಿ ನಾಯ್ಸ್, ಅಂದ್ರೆ ಕಾಳುಕಾಳು, ಜಾಸ್ತಿ, ರಂಗಸ್ಥಳದಲ್ಲಿ ಎಲ್ಇಡಿ ಬೇರೆ, ಒಂದು ಕಡೆ ಬಿಳಿ, ಇನ್ನೊಂದು ಕಡೆ ಕೆಂಪು ನೀಲಿ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತ ಅಷ್ಟೇ, ನನ್ನ ನಿಕಾನ್‌ನ 14 ಬಿಟ್ ರಾದಲ್ಲಿ (ಸೆನ್ಸರ್ ಹಿಡಿದದ್ದನ್ನ ಹಂಗೇ ಇಡೋ ಫೈಲ್) 16,384. ಕಿರೀಟದ ನೆರಳಲ್ಲಿರೋ ಮುಖ ಬೆಳಗಿಸೋಕೆ ಅಷ್ಟೂ ಬೇಕು.

ಸಾಫ್ಟ್‌ವೇರ್ ಹುಡುಕುವಾಗ ರಿವ್ಯೂ ವಿಡಿಯೋಗಳನ್ನ ಬದಿಗಿಟ್ಟು ನನ್ನದೇ ಕಷ್ಟದ ಫೈಲ್‌ಗಳದ್ದು ಒಂದು ಫೋಲ್ಡರ್ ಮಾಡ್ಕೊಂಡೆ, ಅದ್ರಲ್ಲಿ ಮುಖ್ಯವಾದ್ದು ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿ) ಬಣ್ಣದ ವೇಷದ, ಅಂದ್ರೆ ರಾಕ್ಷಸ ಪಾತ್ರದ, ಒಂದು ಕ್ಲೋಸಪ್. ಮುಖದ ಮೇಲೆ ಅಕ್ಕಿಹಿಟ್ಟು ಸುಣ್ಣ ಕಲಸಿ ಇಟ್ಟ ಚುಟ್ಟಿ ಇರ್ತದಲ್ಲ, ಮುಳ್ಳುಮುಳ್ಳಾಗಿ ಎದ್ದು ನಿಂತಿರ್ತದೆ, ಅದನ್ನ ಇಡೋಕೆ ಕಲಾವಿದರು ಚೌಕಿಯಲ್ಲಿ (ವೇಷ ಕಟ್ಟೋ ಜಾಗ) ಗಂಟೆಗಟ್ಲೆ ಕನ್ನಡಿ ಹಿಡಿದು ಕೂತಿರ್ತಾರೆ. ನಾಯ್ಸ್ ತೆಗೆಯೋ ಒಂದು ಎಐ ಡಿನಾಯ್ಸ್ ಟೂಲ್ ಹಾಕಿ ನೋಡ್ದೆ, ನಾಯ್ಸ್ ಪೂರ್ತಿ ಹೋಯ್ತು, ಆದ್ರೆ 100 ಪರ್ಸೆಂಟ್ ಝೂಮ್ ಮಾಡಿದ್ರೆ ಚುಟ್ಟಿಯ ತುದಿಗಳೂ ಹೋಗಿ ಬರೀ ಬಿಳಿ ಪಟ್ಟಿ. ಆ ಕಲಾವಿದರ ಕೆಲಸನೇ ಅಳಿಸೋ ಸಾಫ್ಟ್‌ವೇರ್ ನಂಗೆ ಬೇಡ.

ಲೈಟ್‌ರೂಮ್ ಕ್ಲಾಸಿಕ್ (ಅಡೋಬಿಯದ್ದು, ಚಂದಾ ಕಟ್ಟಿ ಬಳಸೋ ಫೋಟೋ ಸಾಫ್ಟ್‌ವೇರ್) ಕಲಿಯೋಕೆ ಸುಲಭ, ಸಾವಿರ ಫೋಟೋ ಆರಿಸೋಕೆ ಅದೇ ಚೆಂದ, ಮದುವೆ ಫೋಟೋ ಮಾಡೋರಿಗೆ ನಾನು ಅದನ್ನೇ ಹೇಳ್ತೇನೆ. ಆದ್ರೆ ಚಂದಾ ನಿಲ್ಸಿದ್ರೆ ಫೋಟೋ ನೋಡಬಹುದು, ಎಕ್ಸ್‌ಪೋರ್ಟ್ ಮಾಡಬಹುದು, ಫೋಟೋ ತಿದ್ದೋ ಡೆವಲಪ್ ಮಾಡ್ಯೂಲ್ ಲಾಕ್. ಮೇಳ ಇರೋದು ನವೆಂಬರಿಂದ ಮೇ ತನಕ, ಮಳೆಗಾಲದಲ್ಲಿ ನಾನು ಕ್ಯಾಮೆರಾ ಮುಟ್ಟೋದೇ ಕಡಿಮೆ, ಆದ್ರೂ ದುಡ್ಡು ಕಟ್ತಾ ಇರ್ಬೇಕು.

ಡಾರ್ಕ್‌ಟೇಬಲ್ ಪೂರ್ತಿ ಫ್ರೀ, ಓಪನ್ ಸೋರ್ಸ್, ವಿಂಡೋಸಲ್ಲೂ ನಡೀತದೆ. ಮಾಡಿದ ಎಡಿಟ್ ಎಲ್ಲ ರಾ ಫೈಲ್ ಪಕ್ಕದಲ್ಲೇ ಪುಟ್ಟ ಎಕ್ಸ್ಎಂಪಿ ಫೈಲಲ್ಲಿ ಕೂರ್ತದೆ, ಮೂಲ ಫೈಲಿಗೆ ಏನೂ ಆಗಲ್ಲ. ನನ್ನನ್ನ ಹಿಡಿದಿಟ್ಟಿದ್ದು ಅದ್ರ ಪ್ಯಾರಾಮೆಟ್ರಿಕ್ ಮಾಸ್ಕ್, ಅಂದ್ರೆ ಬೆಳಕು, ಬಣ್ಣ ನೋಡಿ ಎಡಿಟ್ ಫೋಟೋದ ಯಾವ ಭಾಗಕ್ಕೆ ಮಾತ್ರ ತಾಗಬೇಕು ಅಂತ ಆರಿಸೋದು. ಡಿನಾಯ್ಸ್ ಪ್ರೊಫೈಲ್ಡ್ ಅಂತ ಒಂದು ಮಾಡ್ಯೂಲ್ ಇದೆ, ಕ್ಯಾಮೆರಾ ಮತ್ತೆ ಐಎಸ್ಒ ನೋಡ್ಕೊಂಡು ಕೆಲಸ ಮಾಡ್ತದೆ, ಅದಕ್ಕೆ ಮಾಸ್ಕ್ ಹಾಕಿ ಕತ್ತಲಿರೋ ಕಡೆ ಮಾತ್ರ ಜೋರಾಗಿ ಅಂತ ಹೇಳಿದ್ರೆ ಹಿಂದಿನ ಪರದೆ ಸ್ವಚ್ಛ ಆಗ್ತದೆ, ಚುಟ್ಟಿ ಬೆಳ್ಳಗಿರೋದ್ರಿಂದ ಮಾಸ್ಕಿಂದ ಹೊರಗೇ ಉಳೀತದೆ, ಒಂದೊಂದು ಮುಳ್ಳೂ ಹಂಗೇ.

ತೆರೆದ ಕೂಡ್ಲೆ ಫೋಟೋ ಸಪ್ಪೆ ಕಾಣ್ತದೆ, ಕ್ಯಾಮೆರಾದ ಬಣ್ಣ ಅದು ಹಾಕಲ್ಲ. ನಾನು ನಿಕಾನ್‌ದೇ ಫ್ರೀ ಎನ್ಎಕ್ಸ್ ಸ್ಟುಡಿಯೋ ಪಕ್ಕದಲ್ಲಿ ತೆರೆದಿಟ್ಟು, ಅಲ್ಲಿನ ಕೆಂಪು ನೋಡ್ಕೊಂಡು ಇಲ್ಲಿ ಒಂದು ಸ್ಟೈಲ್ (ಒಟ್ಟಿಗೆ ಉಳಿಸಿಟ್ಟ ಎಡಿಟ್‌ಗಳು) ಮಾಡಿಟ್ಟಿದ್ದೇನೆ, ಈಗ ಒಂದು ಆಟದ ಅಷ್ಟೂ ಫೋಟೋಗೆ ಅದನ್ನ ಒಟ್ಟಿಗೇ ಹಾಕಿ, ಆಮೇಲೆ ವೇಷಗಳ ಮುಖ ಮಾತ್ರ ಒಂದೊಂದಾಗಿ ಕೂತು ಮಾಡ್ತೇನೆ.