ಚೌಕದಿಂದ ದುಂಡಗೆ: ರೋಲಿಂಗ್ ಮಿಷನ್ನಿನಲ್ಲಿ ಬೆಳ್ಳಿ ಕಂಬಿ ಮಾಡುವುದು

ಕಿವಿಯ ಕೊಂಡಿ, ಮೂಗುತಿಯ ಕಡ್ಡಿ, ಕಾಲುಂಗುರ, ಸರದ ಕೊಂಡಿ. ಎಲ್ಲದಕ್ಕೂ ದುಂಡನೆಯ ಕಂಬಿ ಬೇಕು. ಪೇಟೆಯಲ್ಲಿ ರೆಡಿ ಕಂಬಿ ಸಿಗುತ್ತದೆ ನಿಜ. ಆದರೆ ಕೋಲಾರದ ನಮ್ಮ ಅಂಗಡಿಗೆ ಎಷ್ಟೋ ಜನ ಅಜ್ಜಿಯ ಕಾಲ್ಗೆಜ್ಜೆ ತಂದು "ಇದೇ ಬೆಳ್ಳೀಲಿ ಮಾಡಿಕೊಡಮ್ಮ" ಅನ್ನುತ್ತಾರೆ. ಆಗ ಕಂಬಿ ನಾವೇ ಮಾಡಬೇಕು. ನಮ್ಮಣ್ಣನ ಮಗ ಈಗ ನನ್ನ ಹತ್ತಿರ ಕೆಲಸ ಕಲಿಯುತ್ತಿದ್ದಾನೆ. ಅವನಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ರೋಲಿಂಗ್ ಮಿಷನ್ ಅಂದರೆ ಎರಡು ರೋಲರ್ ನಡುವೆ ಲೋಹ ಒತ್ತುವ ಮಿಷನ್. ನಮ್ಮಂಥ ಅಂಗಡಿಗಳ ಮಿಷನ್ನಿನ ರೋಲರ್‌ನಲ್ಲಿರುವುದು ಚೌಕದ ಗ್ರೂವ್‌ಗಳು, ಅಂದರೆ ಕೊರೆದ ಸಾಲುಗಳು. ದಪ್ಪ ಗಟ್ಟಿಯನ್ನು ಸಣ್ಣ ಚೌಕ ಕಂಬಿ ಮಾಡುವುದಷ್ಟೇ ಅದರ ಕೆಲಸ. ಕೊನೆಗೆ ದುಂಡಗೆ ಮಾಡುವುದು ಕಂಬಚ್ಚು, ಅಂದರೆ ಸಾಲಾಗಿ ತೂತುಗಳಿರುವ ಉಕ್ಕಿನ ಪಟ್ಟಿ. ಅಲ್ಲಿ ಕಂಬಿ ತುಂಡಾದರೆ ಎಲ್ಲರೂ ಕಂಬಚ್ಚನ್ನೇ ಬೈಯುತ್ತಾರೆ. ತಪ್ಪು ಮಾತ್ರ ಬಹಳ ಸಲ ಮೂಸೆಯಲ್ಲೋ ಮಿಷನ್ನಿನಲ್ಲೋ ಮೊದಲೇ ಆಗಿರುತ್ತದೆ.

ಹಳೆ ಬೆಳ್ಳಿ ಕರಗಿಸುವ ಮುಂಚೆ ಬೆಸುಗೆ ಇರುವ ಜಾಗವನ್ನೆಲ್ಲ ಕತ್ತರಿಸಿ ತೆಗೆಯಿರಿ. ಬೆಸುಗೆಯಲ್ಲಿ ಸತುವಿನಂಥ ಬೇರೆ ಲೋಹ ಇರುತ್ತದೆ. ಅದು ಜಾಸ್ತಿ ಸೇರಿದರೆ ಕಂಬಿ ಬಿರುಕು ಬಿಡುತ್ತದೆ. ಅರದ ಪುಡಿ ಇದ್ದರೆ ಅದರ ಮೇಲೆ ಒಮ್ಮೆ ಆಯಸ್ಕಾಂತ ಆಡಿಸಿ, ಕಬ್ಬಿಣದ ಚೂರು ಬಂದುಬಿಡುತ್ತದೆ. ಅಪ್ಪಟ ಬೆಳ್ಳಿ ಬಹಳ ಮೆತ್ತಗೆ, ಕೊಂಡಿಗೆ ನಿಲ್ಲುವುದಿಲ್ಲ. ನಾನು 925, ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ ಇರುವ ಮಿಶ್ರಣ ಮಾಡಿಕೊಳ್ಳುತ್ತೇನೆ: 18.5 ಗ್ರಾಂ ಅಪ್ಪಟ ಬೆಳ್ಳಿಗೆ 1.5 ಗ್ರಾಂ ತಾಮ್ರ, ಒಟ್ಟು 20 ಗ್ರಾಂ.

ಮೂಸೆಗೆ ಚಿಟಿಕೆ ಬಿಳಿಗಾರ ಹಾಕಿ ಕರಗಿಸಿ. ಲೋಹ ಕನ್ನಡಿಯ ಹಾಗೆ ಹೊಳೆದು, ಮೂಸೆ ಅಲ್ಲಾಡಿಸಿದರೆ ಒಂದೇ ಮುದ್ದೆಯಾಗಿ ಉರುಳಬೇಕು. ಅಷ್ಟರಲ್ಲಿ ಲೋಹ ಸುರಿಯುವ ಅಚ್ಚಿಗೆ ತೆಳ್ಳಗೆ ಎಣ್ಣೆ ಸವರಿ ಬಿಸಿ ಮಾಡಿಟ್ಟಿರಿ. ತಣ್ಣಗಿರುವ ಅಚ್ಚಿಗೆ ಸುರಿದರೆ ಲೋಹ ಅರ್ಧದಲ್ಲೇ ಗಟ್ಟಿಯಾಗಿ ಮಡಿಕೆ ಬೀಳುತ್ತದೆ. ಅಚ್ಚಿನಲ್ಲಿ ಒಂದು ಹನಿ ನೀರೂ ಇರಬಾರದು. ನೀರು ಆವಿಯಾಗಿ ಕರಗಿದ ಲೋಹವನ್ನು ಮುಖಕ್ಕೇ ಎರಚುತ್ತದೆ. ಕನ್ನಡಕ ಹಾಕಿಕೊಳ್ಳಿ, ಸಿಂಥೆಟಿಕ್ ಬಟ್ಟೆ ಬೇಡ. ಸುರಿಯುವಾಗಲೂ ಉರಿ ಲೋಹದ ಮೇಲೇ ಇರಲಿ, ಕೈ ನಿಲ್ಲಿಸದೆ ಒಂದೇ ಧಾರೆಯಲ್ಲಿ ಸುರಿಯಿರಿ.

ಗಟ್ಟಿ ಹೊರಗೆ ಬಂದ ಮೇಲೆ ಸುರಿದ ಕಡೆಯ ತುದಿ ನೋಡಿ. ಲೋಹ ಕುಗ್ಗಿ ಅಲ್ಲಿ ಸಣ್ಣ ಗುಳಿ ಆಗಿರುತ್ತದೆ. ಅದನ್ನು ಕತ್ತರಿಸಿ ಮುಂದಿನ ಸಲ ಕರಗಿಸಲು ಇಡಿ. ಬದಿಯ ಗಂಟು, ಮಡಿಕೆಗಳನ್ನು ಅರದಿಂದ ಉಜ್ಜಿ. ಗಾಜಿನಂತೆ ಅಂಟಿರುವ ಬಿಳಿಗಾರ ಪೂರ್ತಿ ಹೋಗಬೇಕು, ಅದು ರೋಲರ್ ಮೇಲೆ ಗೀರು ಹಾಕುತ್ತದೆ. ರೋಲರ್ ಮೇಲಿನ ಗೀರು ಆಮೇಲೆ ಪ್ರತಿಯೊಂದು ಕಂಬಿಯ ಮೇಲೂ ಬೀಳುತ್ತದೆ. ಇಷ್ಟಾದ ಮೇಲೆ ಸುತ್ತಿಗೆಯಲ್ಲಿ ನಾಲ್ಕೂ ಕಡೆ ಸಮವಾಗಿ ತಟ್ಟಿ, ಒಮ್ಮೆ ಕಾಯಿಸಿ ಮೆತ್ತಗೆ ಮಾಡಿ.

ಈಗ ಮಿಷನ್. ಗಟ್ಟಿ ಬಿಗಿಯಾಗಿ, ಆದರೆ ತುರುಕದೆ ಹೋಗುವ ಗ್ರೂವ್‌ನಿಂದ ಶುರು ಮಾಡಿ. ಒಂದು ಸಲ ಬಿಟ್ಟ ಮೇಲೆ ಗಟ್ಟಿಯನ್ನು ಕಾಲು ಸುತ್ತು ತಿರುಗಿಸಿ ಅದೇ ಗ್ರೂವ್‌ನಲ್ಲಿ ಇನ್ನೊಂದು ಸಲ. ರೋಲರ್ ಬಿಗಿ ಮಾಡಿ ಮತ್ತೆ ಹಾಗೇ. ಹಿಡಿ ಹಗುರಾಗಿ ತಿರುಗತೊಡಗಿದಾಗ ಮಾತ್ರ ಮುಂದಿನ ಗ್ರೂವ್. ಹೊರಗೆ ಬರುವ ಕಂಬಿ ತಿರುಚಿಕೊಳ್ಳದ ಹಾಗೆ ಇನ್ನೊಂದು ಕೈಯಲ್ಲಿ ಹಿಡಿದಿರಿ. ಇಲ್ಲದಿದ್ದರೆ ಚೌಕ ಓರೆಯಾಗುತ್ತದೆ.

"ಅತ್ತೆ, ಎರಡು ಗ್ರೂವ್ ಬಿಟ್ಟು ಮುಂದಕ್ಕೆ ಹೋದರೆ ಬೇಗ ಆಗುತ್ತಲ್ವಾ?" ಅಂತ ಹುಡುಗ ಕೇಳುತ್ತಾನೆ. ಬೇಗ ಆಗುತ್ತದೆ, ಕಂಬಿ ಕೆಡುತ್ತದೆ. ಗ್ರೂವ್‌ಗೆ ಹಿಡಿಸದ ಲೋಹ ಎರಡೂ ಬದಿಯಿಂದ ತೆಳುವಾದ ರೆಕ್ಕೆಯಾಗಿ ಹೊರಗೆ ಬರುತ್ತದೆ. ತಿರುಗಿಸಿ ಮತ್ತೆ ಬಿಟ್ಟಾಗ ಆ ರೆಕ್ಕೆ ಮಡಿಚಿಕೊಂಡು ಕಂಬಿಯೊಳಗೇ ಒತ್ತಿಕೊಳ್ಳುತ್ತದೆ. ಅದು ಬೆಸೆದುಕೊಳ್ಳುವುದಿಲ್ಲ, ಉದ್ದಕ್ಕೂ ಸಣ್ಣ ಸೀಳಾಗಿ ಉಳಿಯುತ್ತದೆ. ಮೇಲೆ ನಯವಾಗಿ ಕಾಣುವುದರಿಂದ ಗೊತ್ತೇ ಆಗುವುದಿಲ್ಲ. ಕಂಬಚ್ಚಿನಲ್ಲಿ ಎಳೆಯುವಾಗ ಸಿಪ್ಪೆ ಏಳುತ್ತದೆ, ಇಲ್ಲವೇ ಬಳೆ ಬಗ್ಗಿಸುವಾಗ ಬಾಯಿ ಬಿಡುತ್ತದೆ. ರೆಕ್ಕೆ ಕಂಡ ತಕ್ಷಣ ನಿಲ್ಲಿಸಿ, ಅರದಿಂದ ಪೂರ್ತಿ ತೆಗೆದು, ಒಂದು ಗ್ರೂವ್ ಹಿಂದಕ್ಕೆ ಹೋಗಿ. ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಒತ್ತಿದಷ್ಟೂ ಲೋಹ ಬಿಗಿಯಾಗುತ್ತದೆ. ಅಡ್ಡಕೊಯ್ತ, ಅಂದರೆ ಅಡ್ಡ ಕತ್ತರಿಸಿದರೆ ಕಾಣುವ ಮುಖದ ವಿಸ್ತೀರ್ಣ, ಅರ್ಧದಷ್ಟು ಇಳಿದಾಗ ಕಾಯಿಸಲೇಬೇಕು. 6 ಮಿ.ಮೀ. ಚೌಕ 4.2ಕ್ಕೆ ಬಂದರೆ ಅರ್ಧ ಇಳಿದ ಹಾಗೆ. ಅಲ್ಲಿಂದ 3ಕ್ಕೆ ಬಂದರೆ ಮತ್ತೆ ಅರ್ಧ. ಕಂಬಿಯನ್ನು ಸಡಿಲ ಸುರುಳಿ ಮಾಡಿ, ಟಾರ್ಚ್‌ನ ಅಗಲವಾದ ಮೆತ್ತನೆ ಉರಿಯನ್ನು ಆಡಿಸುತ್ತಾ ಕಾಯಿಸಿ. ಲೈಟ್ ಆರಿಸಿಕೊಂಡರೆ ಬಣ್ಣ ಸರಿಯಾಗಿ ಕಾಣುತ್ತದೆ. 925ಕ್ಕೆ ಮಂದ ಕೆಂಪು ಸಾಕು, ಸುಮಾರು 600ರಿಂದ 650 ಡಿಗ್ರಿ ಸೆಲ್ಸಿಯಸ್. 800 ದಾಟಿದರೆ ಕರಗತೊಡಗುತ್ತದೆ. ಸಣ್ಣ ಕಂಬಿಯಲ್ಲಿ ಈ ಎರಡರ ನಡುವೆ ಕಣ್ಣು ಮಿಟುಕಿಸುವಷ್ಟೇ ಹೊತ್ತು, ಉರಿ ಒಂದೇ ಕಡೆ ನಿಲ್ಲಬಾರದು. ಕೆಂಪು ಆರಿದ ಮೇಲೆ ನೀರಿಗೆ ಹಾಕಿ.

ಕಾಯಿಸಿದಾಗ ಹತ್ತಿದ ಕಪ್ಪು ತೆಗೆಯಲು ಪಟಿಕ ಹಾಕಿದ ನೀರಿನಲ್ಲಿ ಕುದಿಸಿದರೆ ಸಾಕು. ಆಸಿಡ್ ಬಳಸುವವರು ಯಾವಾಗಲೂ ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರು ಬೇಡ. ಕಬ್ಬಿಣದ ಇಕ್ಕಳ ಅದರೊಳಗೆ ಅದ್ದಬೇಡಿ, ಬೆಳ್ಳಿಯ ಮೇಲೆ ತಾಮ್ರ ಹತ್ತಿಕೊಳ್ಳುತ್ತದೆ. ಆಮೇಲೆ ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿಯೇ ಮಿಷನ್ನಿಗೆ ಬಿಡಿ. ಒದ್ದೆ ಕಂಬಿಯಿಂದ ರೋಲರ್ ತುಕ್ಕು ಹಿಡಿಯುತ್ತದೆ.

ಚೌಕವನ್ನು ಎಲ್ಲಿ ನಿಲ್ಲಿಸಬೇಕು? 1 ಮಿ.ಮೀ. ದುಂಡು ಬೇಕು ಅಂತ 1 ಮಿ.ಮೀ. ಚೌಕದವರೆಗೆ ಇಳಿಸಬೇಡಿ. ಬದಿಗಳು ಚಪ್ಪಟೆಯಾಗಿಯೇ ಉಳಿಯಬಹುದು. ನಾನು 1.2ರಲ್ಲಿ ನಿಲ್ಲಿಸುತ್ತೇನೆ. ಆಗ ಕೊನೆಯ ತೂತುಗಳಲ್ಲಿ ಮೂಲೆಯೂ ಬದಿಯೂ ಎರಡೂ ಒತ್ತಿಕೊಂಡು ಪೂರ್ತಿ ದುಂಡಾಗುತ್ತದೆ.

ಒಂದು ತುದಿಯನ್ನು ಬೆರಳಿನ ಒಂದು ಗಿಣ್ಣಿನಷ್ಟು ಉದ್ದ ಚೂಪು ಮಾಡಿ. ಕಂಬಚ್ಚನ್ನು ವೈಸ್‌ಗೆ ಕಚ್ಚಿಸಿ. ತೂತಿನ ಅಗಲ ಬಾಯಿಯ ಕಡೆಯಿಂದ ಕಂಬಿ ಒಳಗೆ ಹೋಗಬೇಕು. ಕಂಬಿಗೆ ಜೇನುಮೇಣ ಸವರಿ, ಇಕ್ಕಳದಲ್ಲಿ ಬಿಗಿಯಾಗಿ ಹಿಡಿದು, ನೆಟ್ಟಗೆ ಎಳೆಯಿರಿ. ಓರೆಯಾಗಿ ಎಳೆದರೆ ಕಂಬಿ ಬಳುಕುತ್ತದೆ. ನಡುವೆ ನಿಲ್ಲಿಸಿದರೆ ಅಲ್ಲೊಂದು ಗುರುತು ಬೀಳುತ್ತದೆ. ಕೈಬಲ ಸಾಲದು, ಹಿಂದಕ್ಕೆ ನಡೆಯುತ್ತಾ ಮೈಭಾರದಲ್ಲಿ ಎಳೆಯಬೇಕು. ಒಂದು ತೂತೂ ಬಿಡದೆ ಕ್ರಮವಾಗಿ ಇಳಿಯಿರಿ. ಕಂಬಿ ಸ್ಪ್ರಿಂಗ್‌ನಂತೆ ಎದುರು ನಿಂತರೆ ಮತ್ತೆ ಕಾಯಿಸಿ. ಅದಕ್ಕೆ ಮೊದಲು ಮೇಣ ಒರೆಸಿ.

20 ಗ್ರಾಂ 925 ಬೆಳ್ಳಿಯಿಂದ 1 ಮಿ.ಮೀ. ಕಂಬಿ ಸುಮಾರು 2.4 ಮೀಟರ್ ಬರುತ್ತದೆ, ತುದಿಯ ಚೂರು ಕಳೆದರೆ ಸ್ವಲ್ಪ ಕಡಿಮೆ. ಅರ್ಧ ಮಿ.ಮೀ.ಗೆ ಇಳಿಸಿದರೆ ನಾಲ್ಕು ಪಟ್ಟು ಉದ್ದ. ಚಿನ್ನಕ್ಕೂ ದಾರಿ ಇದೇ. ಆದರೆ ಅದು ತೂಕ ಜಾಸ್ತಿಯ ಲೋಹ, 22 ಕ್ಯಾರೆಟ್‌ನ 20 ಗ್ರಾಂಗೆ 1 ಮಿ.ಮೀ. ಕಂಬಿ ಒಂದೂವರೆ ಮೀಟರ್ ಕೂಡ ಬರುವುದಿಲ್ಲ. ಕೋಲಾರ ಅಂದರೆ ಚಿನ್ನ ಇಲ್ಲೇ ಅಗ್ಗ ಅಂದುಕೊಂಡು ಬರುವವರು ಈಗಲೂ ಇದ್ದಾರೆ. ಕೆಜಿಎಫ್ ಗಣಿ 2001ರಲ್ಲೇ ಮುಚ್ಚಿತು. ನಮಗೂ ಎಲ್ಲರಿಗಿರುವ ರೇಟೇ. ಹಾಗಾಗಿ ಮೊದಲು ಬೆಳ್ಳಿಯಲ್ಲೋ ತಾಮ್ರದಲ್ಲೋ ಕೈ ಪಳಗಿಸಿಕೊಳ್ಳಿ.

ಕಿವಿಯ ಕೊಂಡಿಗಾದರೆ ಕೊನೆಯ ಮೂರು ನಾಲ್ಕು ತೂತು ಎಳೆದ ಮೇಲೆ ಕಾಯಿಸಬೇಡಿ, ಆ ಬಿಗಿಯೇ ಕೊಂಡಿಯ ಆಕಾರ ಹಿಡಿದಿಡುತ್ತದೆ. ಕಾಲುಂಗುರ ಸುತ್ತುವುದಾದರೆ ಕಾಯಿಸಿ ಮೆತ್ತಗೆ ಮಾಡಿಟ್ಟುಕೊಳ್ಳಿ. ಅಂಟುವಾಳದ ನೀರಿನಲ್ಲಿ ಮೇಣ ತೊಳೆದು, ಒಂದು ತುದಿ ವೈಸ್‌ಗೆ ಕಚ್ಚಿಸಿ ಇನ್ನೊಂದು ತುದಿಯಿಂದ ಒಮ್ಮೆ ಜಗ್ಗಿದರೆ ನೆಟ್ಟಗಾಗುತ್ತದೆ. ಮಿಷನ್ ಒರೆಸಿ, ರೋಲರ್ ಸಡಿಲ ಬಿಟ್ಟು, ಎಣ್ಣೆ ಸವರಿ ಮುಚ್ಚಿಡಿ.